ನೀರಿಗೆ ಕಿವಿಗೊಟ್ಟ ಕೋಟಕ್ಕ

ಗಂಡ ತೀರಿಕೊಂಡ ನಾಲ್ಕನೇ ತಿಂಗಳಿಗೆ ಅವಳಿಗೆ ನೀರು ಸರಬರಾಜು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಗಂಡ ಅಲ್ಲೇ ವಾಲ್ವ್ ತಿರುಗಿಸುವ ಕೆಲಸದಲ್ಲಿದ್ದವನು. ಒಂದು ವಾರ ಜ್ವರ ಅಂತ ಮಲಗಿದ, ಏಳಲೇ ಇಲ್ಲ. ಅಂಥವರ ಜಾಗಕ್ಕೆ ಮನೆಯವರಲ್ಲೊಬ್ಬರನ್ನು ತೆಗೆದುಕೊಳ್ಳುವುದು ಕಚೇರಿಯ ಪದ್ಧತಿ. ಮನೆಯಲ್ಲಿ ಉಳಿದಿದ್ದವರೇ ಮೂರು ಜನ: ಇವಳು, ಅತ್ತೆ, ಏಳು ವರ್ಷದ ಮಗಳು. ಅತ್ತೆಗೆ ಮಂಡಿ ನೋವು. ಮಗಳಿಗೆ ಇನ್ನೂ ಹಾಲುಹಲ್ಲು ಬೀಳುವ ವಯಸ್ಸು. ಇನ್ಯಾರು ಹೋಗುತ್ತಾರೆ? ಇವಳೇ ಹೋದಳು.

ಗುಡಿಸುವ ಕೆಲಸವೋ, ಮೇಜಿಂದ ಮೇಜಿಗೆ ಕಾಗದ ಸಾಗಿಸುವ ಕೆಲಸವೋ ಕೊಡುತ್ತಾರೆ ಅಂದುಕೊಂಡಿದ್ದಳು. ಅವೆರಡೂ ಖಾಲಿ ಇರಲಿಲ್ಲ. ಗುಮಾಸ್ತ ಪುಸ್ತಕ ತಿರುವಿ ಹಾಕಿ, ಕನ್ನಡಕದ ಮೇಲಿಂದ ಇವಳನ್ನು ನೋಡಿದ.

"ಸೋರಿಕೆ ಕೇಳೋ ತಂಡದಲ್ಲಿ ಒಂದು ಜಾಗ ಇದೆಯಮ್ಮ. ಮಾಡ್ತೀಯಾ?"

"ಕೇಳೋದಾ? ಏನು ಕೇಳೋದು?"

"ನೆಲದೊಳಗೆ ನೀರು ಏನು ಹೇಳುತ್ತೆ ಅಂತ."

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡಳು ಇವಳು. ಅವನು ನಗಲಿಲ್ಲ. ಶರತ್ತನ್ನೂ ಆಗಲೇ ಓದಿ ಹೇಳಿಬಿಟ್ಟ. ಒಂದು ವರ್ಷ ನೋಡುತ್ತಾರೆ. ಅಷ್ಟರೊಳಗೆ ಕೆಲಸ ಬಂತು ಅಂತ ಇಂಜಿನಿಯರ್ ಸಾಹೇಬರಿಗೆ ಅನ್ನಿಸಿದರೆ ಸರಿ. ಇಲ್ಲದಿದ್ದರೆ ಕೆಲಸವೂ ಇಲ್ಲ, ಟ್ಯಾಂಕಿನ ಹಿಂದಿರುವ ಕಚೇರಿಯ ಎರಡು ಕೋಣೆಯ ಮನೆಯನ್ನೂ ಬಿಡಬೇಕು. ಆ ಎರಡು ಕೋಣೆ ಬಿಟ್ಟರೆ ಈ ಮೂವರಿಗೆ ತಲೆ ಇಡಲು ಇನ್ನೊಂದು ಜಾಗ ಭೂಮಿಯ ಮೇಲಿರಲಿಲ್ಲ. ಇವಳು ಹೆಬ್ಬೆಟ್ಟು ಒತ್ತಲಿಲ್ಲ, ಸಹಿ ಹಾಕಿದಳು. ನಾಲ್ಕನೇ ಇಯತ್ತೆ ತನಕ ಓದಿದ್ದು ಅಷ್ಟಕ್ಕಾದರೂ ಬಂತು.

ಆ ಕೆಲಸ ಎಂಥದ್ದು ಅಂತ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ರಸ್ತೆಯಡಿ ಪೈಪು ಒಡೆದರೆ ನೀರೆಲ್ಲ ಮೇಲಕ್ಕೇ ಬರಬೇಕು ಅಂತೇನಿಲ್ಲ. ಎಷ್ಟೋ ಸಲ ಮಣ್ಣೇ ಕುಡಿದುಬಿಡುತ್ತದೆ. ಮೇಲೆ ರಸ್ತೆ ಒಣಗಿ ಬಿಳಿಚಿಕೊಂಡಿರುತ್ತದೆ, ಆ ಬೀದಿಯ ನಲ್ಲಿಗಳಲ್ಲಿ ಮಾತ್ರ ನೀರು ದಾರದ ಹಾಗೆ ಇಳಿಯುತ್ತದೆ. ಎಲ್ಲಿ ಒಡೆದಿದೆ ಅಂತ ಹುಡುಕಲು ಒಂದು ಕೋಲು. ಎದೆಮಟ್ಟದ ಗಟ್ಟಿ ಮರದ ಕೋಲು, ತುದಿಯಲ್ಲಿ ಕಿವಿ ಕೂರುವಷ್ಟು ಬಟ್ಟಲಿನ ಹಾಗೆ ಕೊರೆದಿರುತ್ತದೆ. ಕೆಳತುದಿಯನ್ನು ನೆಲಕ್ಕೋ ವಾಲ್ವಿಗೋ ಊರಿ, ಮೇಲ್ತುದಿಗೆ ಕಿವಿ ಕೊಟ್ಟು ಕೂರಬೇಕು. ಒಡೆದ ಪೈಪಿನ ಸದ್ದು ದೊಡ್ಡದೇನಲ್ಲ. ಹಾಲು ಉಕ್ಕುವುದಕ್ಕೆ ಮೊದಲು ಪಾತ್ರೆಯ ಅಂಚಿನಲ್ಲಿ ಸಣ್ಣಗೆ ಸದ್ದು ಮಾಡುತ್ತದಲ್ಲ, ಹಾಗೆ. ಮಧ್ಯಾಹ್ನದ ಊಟ ಮುಗಿದು ಪಾತ್ರೆ ತೊಳೆದು ಊರು ಒಂದಿಷ್ಟು ಮೈಚೆಲ್ಲುವ ಹೊತ್ತಲ್ಲಿ, ಎರಡರಿಂದ ನಾಲ್ಕರವರೆಗೆ, ಅದನ್ನು ಕೇಳಬೇಕು.

ತಂಡದ ಮೇಸ್ತ್ರಿಗೆ ಐವತ್ತು ದಾಟಿತ್ತು. ಮಾತು ಕಡಿಮೆ, ಮೀಸೆ ಜಾಸ್ತಿ. ಮೊದಲ ದಿನವೇ ಇವಳಿಗೆ ಒಂದು ಕೋಲು, ಕಚೇರಿಯ ಒಂದು ಹಳೆಯ ರೇನ್‌ಕೋಟು ಕೊಟ್ಟು ಹೇಳಿದ:

"ಕೋಲು ಮರೆತು ಬಂದ್ರೆ ನನ್ನದು ಕೊಡ್ತೀನಿ. ಕೋಟು ಮರೆತು ಬಂದ್ರೆ ಮನೆಗೆ ಕಳಿಸ್ತೀನಿ."

ಇವಳು ಆಕಾಶ ನೋಡಿದಳು. ಒಂದು ಹತ್ತಿಯ ಎಳೆಯಷ್ಟು ಮೋಡ ಇರಲಿಲ್ಲ.

"ಮಳೆಗಾಲಕ್ಕೆ ಇನ್ನೂ ಎರಡು ತಿಂಗಳಿದೆಯಲ್ಲಣ್ಣ?"

"ಕೋಟು ಮಳೆಗೆ ಅಂತ ಯಾರು ಹೇಳಿದ್ರು ನಿನಗೆ?"

ಗುಂಡಿ ತೋಡುವ ನಾಲ್ವರು ಕಿಸಕ್ಕಂತ ನಕ್ಕರು. ಅವರಲ್ಲಿ ತೆಂಗಿನ ಗರಿ ಕೀಳಲು ಏಣಿಯೇ ಬೇಡ ಅನ್ನುವಷ್ಟು ಎತ್ತರದವನೊಬ್ಬನಿದ್ದ. ಅವನನ್ನು ಎಲ್ಲರೂ ಉದ್ದಣ್ಣ ಅನ್ನುತ್ತಿದ್ದರು. ಅವನಂದ, "ಮೇಸ್ತ್ರಿ, ನಮ್ಮ ತಂಡಕ್ಕೆ ಬಂದಿರೋ ಮೊದಲನೇ ಹೆಣ್ಣು. ಬೆವರಿಸಿ ಓಡಿಸಬೇಡಿ."

ಅವತ್ತು ಮಧ್ಯಾಹ್ನವೇ ಕೋಟು ಯಾಕೆ ಅಂತ ಗೊತ್ತಾಯಿತು. ಗಾಳಿ ಬೀಸುತ್ತಿತ್ತು. ಇವಳು ಕೋಲು ಊರಿ ಕಿವಿಯಿಟ್ಟರೆ ಬರೀ ಗಾಳಿಯೇ. ಜೊತೆಗೆ ಒಂದು ಅಂಗಡಿಯ ತಗಡಿನ ಬೋರ್ಡು, ಎಲ್ಲೋ ಬಡಿದುಕೊಳ್ಳುವ ಕಿಟಕಿ. ಮೇಸ್ತ್ರಿ ಬಂದು ಕೋಟನ್ನು ಇವಳ ತಲೆಯ ಮೇಲಿಂದ ಕೋಲಿನ ಸಮೇತ ಹೊದಿಸಿಬಿಟ್ಟ. ಬಾಗಿಲು ಹಾಕಿದ ಹಾಗಾಯಿತು. ಊರೇ ಹೊರಗುಳಿಯಿತು. ಒಳಗೆ ರಬ್ಬರಿನ ವಾಸನೆ, ಕತ್ತಲೆ, ಇವಳು, ಕೋಲು.

ಸ್ವಲ್ಪ ಹೊತ್ತಿಗೆ ಒಳಗಿನಿಂದಲೇ ಕೂಗಿದಳು, "ಅಣ್ಣ, ಕೇಳಿಸ್ತಿದೆ! ಪೈಪು ಬಡೀತಿದೆ. ದಬ್ ದಬ್ ಅಂತ."

ಹೊರಗಿನಿಂದ ಮೇಸ್ತ್ರಿಯ ದನಿ ಬಂತು. "ಅದು ಪೈಪಲ್ಲ ತಾಯಿ. ನಿನ್ನ ಎದೆ."

ಈ ಸಲ ಉದ್ದಣ್ಣನೂ ನಗಲಿಲ್ಲ. ಅವಳು ಕೋಟಿನೊಳಗೆ ಇನ್ನೊಂದಿಷ್ಟು ಹೊತ್ತು ಹಾಗೇ ಕೂತಿದ್ದಳು. ನಾಲ್ಕು ತಿಂಗಳಿಂದ ಆ ಎದೆ ಬಡಿಯುತ್ತಲೇ ಇತ್ತು, ಇವಳೇ ಕಿವಿ ಕೊಟ್ಟಿರಲಿಲ್ಲ.

ಇನ್ನೊಂದು ಕಷ್ಟವಿತ್ತು. ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಬೆಳಗ್ಗೆ ಏಳಕ್ಕೆ ಮನೆ ಬಿಟ್ಟರೆ ಬರುವುದು ಸಂಜೆ ಆರಕ್ಕೆ. ದಿನವೆಲ್ಲ ರಸ್ತೆಯಲ್ಲಿ. ಗಂಡಸರು ಗೋಡೆ ಮರೆ, ಮರದ ಮರೆ ಅಂತ ಹೋಗಿ ಬರುತ್ತಾರೆ. ಹೆಂಗಸು ಎಲ್ಲಿಗೆ ಹೋಗಬೇಕು? ಇವಳು ಕಂಡುಕೊಂಡ ಉಪಾಯ ಒಂದೇ, ನೀರು ಕುಡಿಯದೇ ಇರುವುದು. ಊರಿಗೆಲ್ಲ ನೀರು ಕೊಡುವ ಕಚೇರಿಯವಳು ಬೆಳಗ್ಗೆಯಿಂದ ಸಂಜೆತನಕ ಒಂದು ಗುಟುಕು ನೀರು ಮುಟ್ಟುತ್ತಿರಲಿಲ್ಲ. ಹತ್ತು ದಿನಕ್ಕೆ ತುಟಿ ಒಡೆಯಿತು, ಕಣ್ಣು ಉರಿಯತೊಡಗಿತು. ಹನ್ನೊಂದನೇ ದಿನ ಕೋಲು ಹಿಡಿದವಳು ತಲೆ ಸುತ್ತಿ ಹಾಗೇ ಕುಸಿದಳು.

ಮೇಸ್ತ್ರಿ ಅವಳನ್ನು ನೆರಳಲ್ಲಿ ಕೂರಿಸಿದ. ಮನೆಗೆ ಹೋಗಿ ಹೆಂಡತಿಗೆ ಹೇಳಿರಬೇಕು. ಎರಡು ದಿನ ಬಿಟ್ಟು ಒಂದು ದೊಡ್ಡ ಗಂಟು ತಂದು ಇವಳ ಮುಂದಿಟ್ಟ. ಮುಖ ಬೇರೆ ಕಡೆ ತಿರುಗಿಸಿಕೊಂಡೇ ಹೇಳಿದ:

"ನನ್ನ ಹೆಂಡತಿ ಕಳಿಸಿದ್ದಾಳೆ. ಯಾಕೆ ಏನು ಅಂತ ನನ್ನ ಕೇಳಬೇಡ. ನೋಡಿದ್ರೆ ಅವಳಿಗೇ ಗೊತ್ತಾಗುತ್ತೆ ಅಂದ್ಲು."

ಬಿಚ್ಚಿದರೆ ಒಂದು ರೇನ್‌ಕೋಟು. ಕೋಟೋ ಡೇರೆಯೋ! ಕಚೇರಿಯ ಎರಡು ಹಳೆಯ ಕೋಟುಗಳನ್ನು ಬಿಚ್ಚಿ, ಮಧ್ಯೆ ಪಟ್ಟಿ ಕೊಟ್ಟು, ಒಂದೇ ಮಾಡಿ ಹೊಲಿದಿದ್ದರು. ಕತ್ತಿನ ಹತ್ತಿರ ಗುಂಡಿ, ಕೆಳಗೆ ಇಳಿದಂತೆಲ್ಲ ಅಗಲ. ಹಾಕಿಕೊಂಡು ನಿಂತರೆ ಹಿಮ್ಮಡಿ ಮುಟ್ಟುತ್ತಿತ್ತು. ಸಂಜೆ ಇವಳು ಮೇಸ್ತ್ರಿಯ ಮನೆಗೇ ಹೋದಳು. ಆಕೆ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು, ಬೆರಳಿಗೆ ಬಟ್ಟೆ ಸುತ್ತಿತ್ತು. ದಪ್ಪ ರಬ್ಬರ್ ಬಟ್ಟೆಗೆ ಸೂಜಿ ತೂರಿಸುವಾಗ ಚುಚ್ಚಿಕೊಂಡದ್ದು.

"ಬಾ ತಂಗಿ. ಮೊದಲು ಈ ಚೊಂಬು ಖಾಲಿ ಮಾಡು," ಅಂತ ನೀರು ಕೊಟ್ಟಳು. ಇವಳು ಕುಡಿಯುತ್ತಿದ್ದ ಹಾಗೇ ಹೇಳಿದಳು, "ನಾನೂ ಮದುವೆಗೆ ಮುಂಚೆ ಇಟ್ಟಿಗೆ ಹೊತ್ತವಳು. ಗಂಡಸರಿಗೆ ಇದೆಲ್ಲ ಹೊಳೆಯೋದೇ ಇಲ್ಲ. ಆ ಕೋಟು ಹಾಕ್ಕೊಂಡು ಕುಕ್ಕರಗಾಲಲ್ಲಿ ಕೂತು ನೋಡು, ಸುತ್ತಲೂ ನೆಲ ಮುಟ್ಟುತ್ತೆ. ಒಂದಿಷ್ಟು ಮರೆ ನೋಡ್ಕೊಂಡು ಕೂತರೆ, ಒಳಗಿರೋಳು ಏನು ಮಾಡ್ತಿದ್ದಾಳೆ ಅಂತ ಹೊರಗಿರೋರಪ್ಪನಿಗೂ ಗೊತ್ತಾಗಲ್ಲ. ಕೇಳಿದ್ರೆ ನೀರಿನ ಸದ್ದು ಕೇಳ್ತಿದ್ದೆ ಅನ್ನು. ಸುಳ್ಳೂ ಅಲ್ಲ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಂಡ ಹೋದ ಮೇಲೆ ಇವಳು ದನಿಯೆತ್ತಿ ನಕ್ಕದ್ದು ಅವತ್ತೇ ಮೊದಲು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂದದ್ದನ್ನು ಆಕೆ ಕಂಡೂ ಕಾಣದ ಹಾಗೆ ಮಿಷನ್ನಿಗೆ ಎಣ್ಣೆ ಬಿಟ್ಟಳು.

ಅವತ್ತಿಂದ ಇವಳು ಹೊಟ್ಟೆ ತುಂಬ ನೀರು ಕುಡಿದಳು. ಅವತ್ತಿಂದಲೇ ಕೋಟಕ್ಕ ಅನ್ನುವ ಹೆಸರೂ ಬಿತ್ತು. ಅವಳು ಕೋಟಿನೊಳಗೆ ಕೂತಳೆಂದರೆ ಉದ್ದಣ್ಣ ಬಾಯಿ ಮೇಲೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಾಗಿಸುತ್ತಿದ್ದ: "ಶ್! ಕೋಟಕ್ಕ ಕೇಳ್ತಿದ್ದಾಳೆ." ನಾಲ್ವರೂ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಅವರಿಗೆ ನಿಜ ಗೊತ್ತಿತ್ತೋ ಇಲ್ಲವೋ ಅವಳು ಕೊನೆತನಕ ಕೇಳಲಿಲ್ಲ. ಗೊತ್ತಿದ್ದು ಹಾಗೆ ಮಾಡಿದ್ದರೆ ಅವರು ದೊಡ್ಡವರು. ಗೊತ್ತಿಲ್ಲದೆ ಮಾಡಿದ್ದರೂ ಅವಳಿಗೆ ಉಪಕಾರವೇ.

ಬಿರುಬಿಸಿಲಲ್ಲೂ ಆ ಕೋಟನ್ನು ಮಡಚಿ ಹೆಗಲಿಗೆ ಹಾಕಿಕೊಂಡು ಹೋಗುವವಳನ್ನು ಕಂಡು ಬೀದಿಯ ಜನ ಆಡಿಕೊಂಡರು. "ಏನಮ್ಮ, ಮಳೆ ನಿನಗೊಬ್ಬಳಿಗೇ ಹೇಳಿ ಕಳಿಸುತ್ತಾ?" ಅಂತ ಹಣ್ಣಿನ ಅಂಗಡಿಯವನು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಕಾದ ಡಾಂಬರಿನ ಮೇಲೆ ಮಂಡಿಯೂರಲು ಅದೇ ಮಡಿಕೆ, ಬುತ್ತಿ ಬಿಚ್ಚಿ ಕೂರಲು ಅದೇ ಚಾಪೆ. ಒಂದು ಸಲ ಬೀದಿನಾಯಿ ಹಲ್ಲು ಕಿರಿದು ಮೇಲೆ ಬಂದಾಗ ಅವಳಿಗೆ ಓಡಲೂ ತೋಚಲಿಲ್ಲ. ಕೋಟನ್ನು ಎರಡೂ ಕೈಯಲ್ಲಿ ಅಗಲಕ್ಕೆ ಬಿಚ್ಚಿ ಹಿಡಿದು ಹೋ ಅಂದಳು. ನಾಯಿ ತನ್ನ ಜನ್ಮದಲ್ಲಿ ಅಷ್ಟು ದೊಡ್ಡ ಹಕ್ಕಿ ಕಂಡಿರಲಿಲ್ಲ. ಬಾಲ ಮುದುರಿ ಓಡಿತು. ಇನ್ನೊಂದು ಸಲ ಗುಂಡಿಯ ಅಂಚು ಕುಸಿದು ಒಬ್ಬನ ಕಾಲು ಉಳುಕಿದಾಗ ಅವನನ್ನು ಅದರಲ್ಲೇ ಮಲಗಿಸಿ, ನಾಲ್ಕು ಮೂಲೆ ಹಿಡಿದು, ಡಾಕ್ಟರ ತನಕ ಹೊತ್ತೊಯ್ದರು. ಮನೆಯಲ್ಲಿ ಅತ್ತೆಗೂ ಅದರ ಮೇಲೆ ಕಣ್ಣು. ಮಳೆ ಬಂದರೆ ಸೌದೆ ಮುಚ್ಚಲು ಬೇಕು.

"ಒಂದೇ ಒಂದು ದಿನ ಬಿಟ್ಟು ಹೋಗೇ," ಅನ್ನುತ್ತಿದ್ದರು.

"ಅದನ್ನ ಬಿಟ್ಟು ಹೋದ್ರೆ ಮೇಸ್ತ್ರಿ ನನ್ನನ್ನೂ ವಾಪಸ್ ಕಳಿಸ್ತಾರೆ ಅತ್ತೆ. ಆಮೇಲೆ ಸೌದೆ ಜೊತೆ ನನ್ನನ್ನೂ ಮುಚ್ಚಿಡಿ."

ಹೀಗೆ ಏಳೆಂಟು ತಿಂಗಳಲ್ಲಿ ಅವಳ ಕಿವಿ ಪಳಗಿತು. ಎರಡು ಸೋರಿಕೆಗಳನ್ನು ತಾನೇ ಹಿಡಿದಳು. ವರ್ಷ ತುಂಬಲು ಬಂದಾಗ ಮೂರನೆಯದರಲ್ಲಿ ಎಡವಿದಳು.

ಕ್ಷೌರದಂಗಡಿಯ ಮುಂದೆ. ಕೋಟಿನೊಳಗೆ ಕೂತವಳಿಗೆ ಹಾಲಿನ ಸದ್ದು ಸ್ಪಷ್ಟವಾಗಿ ಕೇಳಿಸಿತು. ಮೇಸ್ತ್ರಿ ಅವತ್ತು ಬೇರೆ ಬೀದಿಯಲ್ಲಿದ್ದ. ಹಿಂದೆಮುಂದೆ ನೋಡದೆ ಸೀಮೆಸುಣ್ಣದಲ್ಲಿ ಗುರುತು ಹಾಕಿದಳು. ನಾಲ್ವರು ಸೊಂಟದಾಳ ತೋಡಿದರು. ಒಣಮಣ್ಣು. ಎದೆಯಾಳ ತೋಡಿದರು. ಪೈಪು ಕಂಡಿತು, ಒಣಗಿ ಗಟ್ಟಿಯಾಗಿ, ಮದುವೆಗೆ ಹೊರಟವನ ಹಾಗೆ ಠಾಕುಠೀಕಾಗಿ ಮಲಗಿತ್ತು. ಆಮೇಲೆ ಗೊತ್ತಾಯಿತು. ಅಂಗಡಿಯ ಮಹಡಿಯಲ್ಲಿ ನೀರಿನ ತೊಟ್ಟಿಯಿತ್ತು, ಅದರೊಳಗೆ, ತೊಟ್ಟಿ ತುಂಬಿದರೆ ಮೇಲೇರಿ ನಲ್ಲಿ ಮುಚ್ಚುವ ತೇಲುವ ಚೆಂಡು ಇತ್ತು. ಚೆಂಡು ಅರ್ಧ ಏರಿ ನಿಂತರೆ ನೀರು ಸಣ್ಣ ಸಂದಿಯಲ್ಲಿ ತೂರಿ ಒಳಗಿಳಿಯುತ್ತದೆ. ಆ ಸದ್ದು ಪೈಪಿನೊಳಗೇ ಹರಿದು ರಸ್ತೆಯಡಿಗೆ ಬಂದರೆ ಥೇಟ್ ಸೋರಿಕೆಯೇ.

"ಅಂಗಡಿ ಮುಂದೆ ಬಾವಿಯನ್ನೇನೋ ತೋಡಿಸಿದೆ ತಾಯಿ. ನೀರು ಯಾವಾಗ ಬರುತ್ತೆ?" ಅಂದ ಕ್ಷೌರದವನು. ಕ್ಷೌರಕ್ಕೆ ಕೂತಿದ್ದವರು ಮುಖದ ಸೋಪಿನೊಂದಿಗೇ ಹೊರಗೆ ಬಂದು ನೋಡಿದರು.

ಇಂಜಿನಿಯರ್ ಸಾಹೇಬರು ಬಂದರು. ಕೆಟ್ಟ ಮನುಷ್ಯರಲ್ಲ. ಆದರೆ ರಸ್ತೆ ಅಗೆದರೆ ಅವರೇ ಮೇಲಿನವರಿಗೆ ಉತ್ತರ ಹೇಳಬೇಕು. ಗುಂಡಿಯನ್ನು ನೋಡಿದರು, ಇವಳನ್ನು ನೋಡಿದರು, ಮೇಸ್ತ್ರಿಗೆ ಹೇಳಿದರು:

"ಈಯಮ್ಮ ಹಿಡಿದದ್ದು ಅಂತ ನೀವು ಹೇಳೋ ಆ ಎರಡು ಯಾರು ಹಿಡಿದದ್ದೋ ನನಗೆ ಅನುಮಾನ. ವರ್ಷ ತುಂಬೋದಕ್ಕೆ ಮೂರು ವಾರ ಇದೆ. ಆಸ್ಪತ್ರೆ ರಸ್ತೆಯಲ್ಲಿ ಸೋರಿಕೆ ಇದೆ. ಮಹಡಿಗೆ ನೀರು ಹತ್ತುತ್ತಿಲ್ಲ, ನರ್ಸುಗಳು ಬಕೆಟ್ಟಲ್ಲಿ ಹೊರ್ತಿದ್ದಾರೆ. ರಸ್ತೆ ಹೊಸದು, ಒಂದೇ ಒಂದು ಗುಂಡಿಗೆ ಒಪ್ಪಿಗೆ. ಗುರುತು ಈಯಮ್ಮ ಒಬ್ಬಳೇ ಹಾಕಲಿ. ನೀವು ಹತ್ತಿರ ಹೋಗಬಾರದು, ಬಾಯೂ ಬಿಡಬಾರದು. ಸಿಕ್ಕರೆ ಕೆಲಸ ಅವಳದ್ದು. ತಪ್ಪಿದರೆ ಮನೆ ಖಾಲಿ ಮಾಡೋಕೆ ಹೇಳಿ."

ಮನೆಯಲ್ಲಿ ಅತ್ತೆಗೆ ಇದನ್ನೆಲ್ಲ ಹೇಳಿದಳು. ಅವರು ಮಂಚದಡಿಯ ಪೆಟ್ಟಿಗೆಯನ್ನು ಎಳೆದು, ಧೂಳು ಒರೆಸಿ, ಮತ್ತೆ ಒಳಗೆ ತಳ್ಳಿದರು. ಅಷ್ಟೇ ಸಾಕಾಗಿತ್ತು.

ಆ ದಿನ ಬೆಳಗ್ಗೆಯಿಂದಲೇ ಗಾಳಿ. ಎರಡು ಗಂಟೆಗೆ ಅವಳು ಆಸ್ಪತ್ರೆ ರಸ್ತೆಗೆ ಬಂದಳು. ಮೇಸ್ತ್ರಿ ಬೀದಿಯ ಮೂಲೆಯ ಟೀ ಅಂಗಡಿಯಲ್ಲಿ, ತಾನು ಸನ್ನೆ ಮಾಡಿದೆ ಅಂತ ನಾಳೆ ಯಾರೂ ಅನ್ನಬಾರದೆಂದು, ಗೋಡೆ ಕಡೆ ಮುಖ ಮಾಡಿ ಕೂತಿದ್ದ. ಶಿಕ್ಷೆಗೆ ನಿಲ್ಲಿಸಿದ ಹುಡುಗನ ಹಾಗೆ. ಮೂರು ಗಂಟೆಗೆ ಸಾಹೇಬರು ತೋಡುವವರನ್ನು ಕರೆದುಕೊಂಡು ಬರುತ್ತೇನೆ ಅಂದಿದ್ದರು.

ಗಾಳಿಗೆ ಆಸ್ಪತ್ರೆಯ ತಗಡಿನ ಚಾವಣಿ ಬಡಿದುಕೊಳ್ಳುತ್ತಿತ್ತು. ಅವಳು ಕೋಟು ಹೊದ್ದು ಕೂತಳು. ಉಸಿರು ಹಿಡಿದಳು. ಎದ್ದು ನಾಲ್ಕು ಹೆಜ್ಜೆ ಹೋಗಿ ಮತ್ತೆ ಕೂತಳು. ಹೀಗೆ ಬೀದಿಯುದ್ದ. ಎರಡು ಕಡೆ ಹಾಲಿನ ಸದ್ದು ಕೇಳಿತು. ಒಂದು ಆಸ್ಪತ್ರೆಯ ಗೇಟಿನ ಮುಂದೆ, ಜೋರಾಗಿ. ಇನ್ನೊಂದು ಔಷಧಿ ಅಂಗಡಿಯ ಮುಂದೆ, ಮೆತ್ತಗೆ. ಯಾರಾದರೂ ಜೋರಾದದ್ದಕ್ಕೇ ಗುರುತು ಹಾಕುತ್ತಿದ್ದರು. ಅವಳ ಕೈಯೂ ಸೀಮೆಸುಣ್ಣದ ಕಡೆ ಹೋಯಿತು. ಅಷ್ಟರಲ್ಲಿ ಕ್ಷೌರದಂಗಡಿಯ ಸೋಪಿನ ಮುಖಗಳು ನೆನಪಾದವು.

ನೇರ ಆಸ್ಪತ್ರೆಯ ಒಳಗೆ ಹೋದಳು. ಕಾವಲಿನವನು ಮೆಟ್ಟಿಲ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ.

"ಅಣ್ಣ, ಹಿತ್ತಲಲ್ಲಿ ತೊಟ್ಟಿ ಇದೆಯಾ? ಅದರ ಚೆಂಡನ್ನ ಹತ್ತು ನಿಮಿಷ ಹಗ್ಗದಲ್ಲಿ ಮೇಲಕ್ಕೆ ಕಟ್ಟಿಬಿಡ್ತೀಯಾ?"

"ಮೊದಲೇ ನೀರಿಲ್ಲ. ಬರೋ ತೊಟ್ಟೂ ನಿಲ್ಲಿಸು ಅಂತೀಯಾ? ಒಳ್ಳೆ ನೀರಿನ ಕಚೇರಿ!"

"ಹತ್ತೇ ನಿಮಿಷ ಅಣ್ಣ. ಹತ್ತು ನಿಮಿಷದಲ್ಲಿ ನನ್ನ ಮನೆ ಉಳಿಯುತ್ತೆ."

ಅವನು ಅವಳ ಮುಖ ನೋಡಿದ. ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಎದ್ದ.

ವಾಪಸ್ ಬಂದು ಗೇಟಿನ ಮುಂದೆ ಕೋಟಿನೊಳಗೆ ಕೂತಾಗ ಅಲ್ಲಿ ಸದ್ದೇ ಇರಲಿಲ್ಲ. ನೆಲ ಸತ್ತ ಹಾಗೆ ಸುಮ್ಮನಿತ್ತು. ಔಷಧಿ ಅಂಗಡಿಯ ಮುಂದೆ ಹೋದಳು. ಅಲ್ಲಿ ಮೊದಲಿಗಿಂತ ಬಿಚ್ಚಿ ಕೇಳಿತು. ಒಂದು ಗೇಣು ಈಚೆ, ಒಂದು ಗೇಣು ಆಚೆ, ಕೋಲನ್ನು ಜರುಗಿಸಿ ಜರುಗಿಸಿ ಎಲ್ಲಿ ಎಲ್ಲಕ್ಕಿಂತ ಹತ್ತಿರ ಅನ್ನಿಸಿತೋ ಅಲ್ಲಿ ಸೀಮೆಸುಣ್ಣದಲ್ಲಿ ಒಂದು ಸುತ್ತು ಎಳೆದಳು. ಗೇಟಿಗೆ ಬಂದು ನಿಂತಿದ್ದ ಕಾವಲಿನವನಿಗೆ ಚೆಂಡು ಬಿಡು ಅಂತ ಕೈಸನ್ನೆ ಮಾಡಿದಳು.

ಸುಣ್ಣ ಹಿಡಿದ ಬೆರಳನ್ನು ಒರೆಸಿಕೊಳ್ಳುವ ಮೊದಲೇ ಅಕಾಲದ ಮಳೆ ಬಂತು.

ಹನಿ ಅಲ್ಲ, ಬಿಂದಿಗೆ. ಸುತ್ತಿನ ಒಂದು ಅಂಚು ಕಣ್ಣೆದುರೇ ಕರಗಿ ಹಾಲಿನ ಹಾಗೆ ಹರಿಯಿತು. ರಸ್ತೆ ಬದಿಯ ದೀಪದ ಕಂಬದಿಂದ ಹೆಜ್ಜೆ ಎಣಿಸಿಟ್ಟುಕೊಳ್ಳೋಣ ಅಂದರೆ, ಅವಳ ಹೆಜ್ಜೆ ಒಂದು ಸಲದ ಹಾಗೆ ಇನ್ನೊಂದು ಸಲ ಬೀಳುವುದಿಲ್ಲ. ಮೊಳ ತಪ್ಪಿದರೂ ಗುಂಡಿ ತಪ್ಪುತ್ತದೆ, ಇರುವುದೇ ಒಂದು ಗುಂಡಿ. ಕೋಟು ಬಿಚ್ಚಿದಳು. ಉಳಿದ ಸುತ್ತಿನ ಮೇಲೆ ಹಾಸಿದಳು. ಮೂರು ಮೂಲೆಗೆ ಚರಂಡಿಯ ಪಕ್ಕದ ಕಲ್ಲು ಇಟ್ಟಳು. ನಾಲ್ಕನೇ ಕಲ್ಲು ಸಿಗಲಿಲ್ಲ, ಆ ಮೂಲೆಯ ಮೇಲೆ ತಾನೇ ನಿಂತಳು.

ಮೂರು ಗಂಟೆಯಾಯಿತು. ಸಾಹೇಬರಿಲ್ಲ. ಮೂರೂವರೆ. ಸಾಹೇಬರನ್ನೂ ಮಳೆ ಎಲ್ಲೋ ಹಿಡಿದು ಕೂರಿಸಿತ್ತು. ಔಷಧಿ ಅಂಗಡಿಯ ಸೂರಿನಡಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ರಸ್ತೆಗೆ ಕೋಟು ಹಾಕಿ ತಾನು ನೆನೀತಿದ್ದಾಳಲ್ಲ!"

"ರಸ್ತೆಗೆ ಶೀತ ಆಗಿರಬೇಕು. ಎದುರಿಗೇ ಆಸ್ಪತ್ರೆ."

ಟೀ ಅಂಗಡಿಯವನು ಓಡಿ ಬಂದ, ಕೈಯಲ್ಲಿ ಮೇಸ್ತ್ರಿಯ ಕೋಟು. "ಮೇಸ್ತ್ರಿ ಕೊಟ್ಟು ಕಳಿಸಿದ್ದಾರೆ. ಹಾಕ್ಕೋಬೇಕಂತೆ."

ಅವಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಆದರೂ ಕೈ ಚಾಚಲಿಲ್ಲ. "ಬೇಡ. ಮೇಸ್ತ್ರಿ ಸಹಾಯ ಮಾಡಿದ್ರು ಅಂತ ಸಾಹೇಬ್ರು ಅಂದ್ರೆ ಮಾಡಿದ್ದೆಲ್ಲ ಹೋಯ್ತು. ವಾಪಸ್ ಕೊಟ್ಟುಬಿಡಣ್ಣ."

ವಾಪಸ್ ಹೋದ ಕೋಟನ್ನು ಮೇಸ್ತ್ರಿಯೂ ಹಾಕಿಕೊಳ್ಳಲಿಲ್ಲ. ಅಂಗಡಿಯಿಂದ ಹೊರಗೆ ಬಂದು, ಕೋಟನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಬೀದಿಯ ಆ ತುದಿಯಲ್ಲಿ ಮಳೆಯಲ್ಲೇ ನಿಂತ. ಮೀಸೆ ಎರಡೂ ಕಡೆ ಜೋತುಬಿತ್ತು. ಮುಖ ಇನ್ನೂ ಗೋಡೆ ಕಡೆಗೇ ಇತ್ತು. ಹಾಗೆ ಬೀದಿಯ ಎರಡು ತುದಿಯಲ್ಲಿ ಇಬ್ಬರೂ ಒಂದು ಗಂಟೆ ನೆನೆದರು. ಅವಳ ತಂದೆ ಅವಳಿಗೆ ಐದು ವರ್ಷವಿದ್ದಾಗಲೇ ಹೋದವರು. ಒಬ್ಬ ತಂದೆ ಇದ್ದಿದ್ದರೆ ಇನ್ನೇನು ಮಾಡುತ್ತಿದ್ದರು ಅಂತ ಅವಳಿಗೆ ಆ ಮಳೆಯಲ್ಲಿ ಅನ್ನಿಸಿತು.

ನಾಲ್ಕೂವರೆಗೆ ಜೀಪು ಬಂತು. ಸಾಹೇಬರು ಕೊಡೆ ಬಿಚ್ಚಿ ಇಳಿದರು.

"ಇದೇನಮ್ಮ, ಕೋಟಿದ್ದೂ ಹೀಗೆ ನೆನೆದಿದ್ದೀಯಾ?"

"ಅದು ಗುರುತಿಗೆ ಸಾರ್."

ಕೋಟು ಎತ್ತಿದಳು. ಅಡಿಯಲ್ಲಿ ಮುಕ್ಕಾಲು ಸುತ್ತು ಬೆಳ್ಳಗೆ ಉಳಿದಿತ್ತು. ಸಾಹೇಬರು ತೋಡಲು ಸನ್ನೆ ಮಾಡಿದರು. ಉದ್ದಣ್ಣ ಗುಂಡಿಗಿಳಿದ. ಅವನ ಕುತ್ತಿಗೆ ತನಕ ತೋಡುವವರೆಗೂ ಮೇಲಿಂದ ಮಳೆ ಸುರಿಯುತ್ತಲೇ ಇತ್ತು. ಗುಂಡಿಯಲ್ಲಿ ಕೆಸರುನೀರು ತುಂಬಿತು.

"ನೀರಿದೆ ಸಾರ್!" ಅಂತ ಉದ್ದಣ್ಣ ಕೂಗಿದ.

"ಇರದೆ ಏನು? ಎದುರಿಗಿರೋ ಆ ಹೂಕುಂಡದಲ್ಲೂ ಇದೆ," ಅಂದರು ಸಾಹೇಬರು. "ಮಳೆ ನೀರೋ ಪೈಪಿನ ನೀರೋ, ಹೇಗೆ ಹೇಳೋದು? ಇದನ್ನ ಸಿಕ್ಕಿತು ಅಂತ ನಾನು ಬರೆಯೋಕಾಗಲ್ಲ."

ಅವಳು ಒಂದು ಗಳಿಗೆ ಕೈಯಲ್ಲಿದ್ದ ಕೋಟನ್ನೇ ನೋಡಿದಳು. ಆಮೇಲೆ ಯಾರನ್ನೂ ಕೇಳದೆ ಗುಂಡಿಯ ಮೇಲೆ ಹರಡಿದಳು. "ಒಂದೊಂದು ಮೂಲೆ ಹಿಡೀರಿ. ಎತ್ತಿ ಹಿಡೀರಿ. ಉದ್ದಣ್ಣ, ಒಳಗಿರೋದನ್ನೆಲ್ಲ ಬಕೆಟ್ಟಲ್ಲಿ ಎತ್ತಿ ಹಾಕು. ಒಂದು ತೊಟ್ಟು ಬಿಡಬೇಡ."

ಎರಡು ಕೋಟು ಸೇರಿಸಿ ಹೊಲಿದದ್ದು ಗುಂಡಿಗೆ ಸರಿಯಾಗಿ ಸೂರಾಯಿತು. ಅಂಚಿನ ಸುತ್ತ ಮಣ್ಣಿನ ಕಟ್ಟೆ ಕಟ್ಟಿ ರಸ್ತೆಯ ನೀರನ್ನೂ ತಡೆದರು. ತೋಡುವವರು ಮೂವರು ಮೂರು ಮೂಲೆ ಹಿಡಿದರು. ಅವಳು ಕಟ್ಟೆಯ ಮಣ್ಣು ಒತ್ತುತ್ತಿದ್ದಳು. ನಾಲ್ಕನೇ ಮೂಲೆ ಜೋತಾಡಿ ನೀರು ಒಳಕ್ಕೆ ಸುರಿಯುವುದನ್ನು ನೋಡಿ ಸಾಹೇಬರೇ ಕೊಡೆ ಕೆಳಗಿಟ್ಟು ಅದನ್ನು ಹಿಡಿದರು. ಉದ್ದಣ್ಣ ಕೋಟಿನಡಿ ಗೂನು ಬೆನ್ನು ಮಾಡಿಕೊಂಡು ನೀರೆತ್ತಿದ. ತಳ ಬರಿದಾಯಿತು. ಕೆಂಪು ಮಣ್ಣು, ಮೂರು ಬೆಣಚುಕಲ್ಲು.

ಎಲ್ಲರೂ ಬಗ್ಗಿ ನೋಡಿದರು. ಕೋಟಿನ ಮೇಲೆ ಮಳೆ ತಮಟೆಯ ಹಾಗೆ ಬಡಿಯುತ್ತಿತ್ತು.

ಮೊದಲು ಒಂದು ಬೆಣಚುಕಲ್ಲು ಅಲುಗಿತು. ಅದರ ಪಕ್ಕದಲ್ಲಿ ಮಣ್ಣು ಉಬ್ಬಿತು, ಒಡೆಯಿತು. ಸಣ್ಣಗೆ, ಕಡ್ಡಿ ದಪ್ಪಕ್ಕೆ, ತಿಳಿನೀರು ಚಿಮ್ಮಿತು. ಆಮೇಲೆ ಬೆರಳು ದಪ್ಪಕ್ಕೆ. ಉದ್ದಣ್ಣ ಬೊಗಸೆಯಲ್ಲಿ ಹಿಡಿದು ಮೇಲಕ್ಕೆತ್ತಿದ. ಸಾಹೇಬರು ಬಗ್ಗಿ ಮೂಸಿದರು.

"ಬ್ಲೀಚಿಂಗ್ ಪೌಡರ್ ವಾಸನೆ," ಅಂದರು.

ಮೋಡಕ್ಕೆ ಯಾರೂ ಬ್ಲೀಚಿಂಗ್ ಪೌಡರ್ ಹಾಕುವುದಿಲ್ಲವಲ್ಲ!

"ಮೇಸ್ತ್ರೀ!" ಅಂತ ಉದ್ದಣ್ಣ ಗುಂಡಿಯೊಳಗಿಂದಲೇ ಕೂಗಿದ ಕೂಗಿಗೆ ಆಸ್ಪತ್ರೆಯ ಕಿಟಕಿಗಳು ತೆರೆದವು. ಮೇಸ್ತ್ರಿ ಆಗ ಗೋಡೆ ಬಿಟ್ಟು ತಿರುಗಿದ. ಓಡಲಿಲ್ಲ, ನಡೆದೇ ಬಂದ. ಬಂದವನೇ ಮಡಚಿದ್ದ ಕೋಟನ್ನು ಬಿಚ್ಚಿ ಅವಳ ಹೆಗಲಿಗೆ ಹಾಕಿ, "ಈಗಲಾದ್ರೂ ಹಾಕ್ಕೋ, ಮೊಂಡಿ," ಅಂದ.

ಪೈಪಿಗೆ ಪಟ್ಟಿ ಬಿಗಿದು ಮುಗಿಯುವಾಗ ಮಳೆಯೂ ನಿಂತಿತ್ತು. ಆಸ್ಪತ್ರೆಯ ಮಹಡಿಯಿಂದ ಒಬ್ಬ ನರ್ಸು, "ಮೇಲೆ ನೀರು ಬಂತು, ಬಂತು!" ಅಂತ ಕೈ ಬೀಸಿದಳು. ಸಾಹೇಬರು ಜೀಪು ಹತ್ತುವ ಮೊದಲು ಒದ್ದೆ ಕರವಸ್ತ್ರ ಹಿಂಡುತ್ತ ಅವಳ ಕಡೆ ತಿರುಗಿ, "ನಾಳೆ ಮಾರ್ಕೆಟ್ ರಸ್ತೆಗೆ ಹೋಗಮ್ಮ. ಅಲ್ಲೂ ನೀರು ಕಡಿಮೆ ಅಂತ ದೂರಿದೆ," ಅಂದರು. ಅಷ್ಟೇ.

"ಹಾಗಂದ್ರೆ ಏನಣ್ಣ? ಪಾಸಾ, ಫೇಲಾ?" ಅಂತ ಅವಳು ಮೇಸ್ತ್ರಿಯನ್ನು ಕೇಳಿದಳು.

"ಹಾಗಂದ್ರೆ ನಾಳೆಗೂ ಕೆಲಸ ಇದೆ ಅಂತ."

ಅವಳು ಅವನ ಕಾಲು ಮುಟ್ಟಲು ಬಗ್ಗಿದಳು. ಅವನು ಎರಡು ಹೆಜ್ಜೆ ಹಿಂದೆ ಸರಿದ. "ಏ, ಕೆಸರಿದೆ ಅಲ್ಲಿ! ಮನೆಗೆ ಹೋಗು, ಮೊದಲು ತಲೆ ಒರೆಸ್ಕೋ."

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಅವಳನ್ನು ಒಲೆಯ ಮುಂದೆ ಕೂರಿಸಿ, ಟವೆಲ್ಲಿನಿಂದ ತಲೆ ಉಜ್ಜತೊಡಗಿದರು. ಮಗಳು ಬಂದು ಅವಳ ತಣ್ಣಗಿನ ಅಂಗೈಯನ್ನು ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡಳು.

"ನಾಳೆ ಮಾರ್ಕೆಟ್ ರಸ್ತೆ ಅತ್ತೆ," ಅಂದಳು ಅವಳು.

ಟವೆಲ್ಲು ಒಂದು ಗಳಿಗೆ ನಿಂತಿತು. ಮತ್ತೆ ಉಜ್ಜಿತು, ಈ ಸಲ ಮೆಲ್ಲಗೆ.

"ಹಾಗಾದ್ರೆ ಎಷ್ಟು ಗಂಟೆಗೆ ಎಬ್ಬಿಸಲಿ?"

"ಆರಕ್ಕೆ."

ಅವಳು ಆ ಕೆಲಸದಲ್ಲಿ ಇಪ್ಪತ್ತಾರು ವರ್ಷ ಇದ್ದಳು. ಮೊದಲ ಹದಿಮೂರು ವರ್ಷ ದಿನಾ ಬೆಳಗ್ಗೆ ಆರಕ್ಕೆ ಅವಳನ್ನು ಎಬ್ಬಿಸಿದವರು ಅತ್ತೆ. ಆಮೇಲೆ ಮಗಳು.